ಯಾರೂ ತೆಗೆಯದ ವೈರು

ಹಳೇ ಕಾರು ಇಟ್ಟುಕೊಂಡವನಿಗೆ ಜನ ಕೇಳುವ ಪ್ರಶ್ನೆಗಳು ಬಾಯಿಪಾಠವಾಗಿರುತ್ತವೆ. ಮೊದಲನೆಯದು, "ಎಷ್ಟು ಕೊಡುತ್ತೆ?" ಪೆಟ್ರೋಲ್ ಬಂಕು, ಸಿಗ್ನಲ್ಲು, ಮದುವೆ ಛತ್ರದ ಗೇಟು, ಎಲ್ಲಿ ನಿಂತರೂ ಇದೇ. ಎರಡನೆಯದು, "ಪೇಂಟು ಒರಿಜಿನಲ್ಲಾ?" ಮೂರನೆಯದನ್ನು ಮಾತ್ರ ಅಕ್ಕಪಕ್ಕ ನೋಡಿ, ದನಿ ತಗ್ಗಿಸಿ ಕೇಳುತ್ತಾರೆ: "ಕೊಡೋದಿದೆಯಾ ಸಾರ್?" ಇಷ್ಟು ವರ್ಷಗಳಲ್ಲಿ ಒಬ್ಬ ಪುಣ್ಯಾತ್ಮನೂ ಡ್ಯಾಶ್‌ಬೋರ್ಡಿನ ಕೆಳಗೆ ಕತ್ತು ತೂರಿಸಿ, "ವೈರಿಂಗ್ ಯಾರು ಮಾಡಿದ್ದು?" ಎಂದು ಕೇಳಿದ್ದಿಲ್ಲ.

ಕೇಳಲಿ ಎಂದು ನಿರೀಕ್ಷಿಸುವುದೂ ತಪ್ಪೇ. ಧರ್ಮಸ್ಥಳದ ಮಂಜೂಷಾ ಸಂಗ್ರಹಾಲಯದಲ್ಲಾಗಲಿ, ಈಚೆಗೆ ಶ್ರೀರಂಗಪಟ್ಟಣದ ಬಳಿ ಹೆದ್ದಾರಿಯ ಪಕ್ಕದಲ್ಲೇ ಆಗಿರುವ 'ಪಯಣ'ದಲ್ಲಾಗಲಿ, ಸಾಲಾಗಿ ನಿಂತ ಕಾರುಗಳ ಮುಂದೆ ಜನ ಮಾಡುವುದೇನು? ಕ್ರೋಮಿಯಂ ಬಂಪರಿನಲ್ಲಿ ತಲೆ ಬಾಚಿಕೊಳ್ಳುತ್ತಾರೆ, ಸೆಲ್ಫಿ ತೆಗೆಯುತ್ತಾರೆ, ಸ್ಟೀರಿಂಗ್ ಎಷ್ಟು ದೊಡ್ಡದು ಎಂದು ಮಕ್ಕಳಿಗೆ ತೋರಿಸುತ್ತಾರೆ. ನಾನು ಮಾತ್ರ ಮಂಡಿಯೂರಿ ಹಿಂದಿನ ದೀಪದ ವೈರು ಎಲ್ಲಿಂದ ಹೊರಗೆ ಬರುತ್ತದೆ ಎಂದು ನೋಡುತ್ತಿದ್ದರೆ, ಏನೋ ಕದಿಯಲು ಬಂದವನಿರಬೇಕು ಎಂದು ಕಾವಲಿನವರು ಪಕ್ಕದಲ್ಲಿ ಬಂದು ನಿಲ್ಲುತ್ತಾರೆ. ಈ ಚಟ ಹತ್ತಿದ್ದು 1968ರ ಅಂಬಾಸಿಡರ್ ಮಾರ್ಕ್ ಟು ಒಂದು ನಮ್ಮ ಮನೆಗೆ ಬಂದ ಮೇಲೆ.

ಅದು ಮಲೆನಾಡಿನ ತೋಟದ ಮನೆಯೊಂದರ ಶೆಡ್ಡಿನಲ್ಲಿ ಅಡಕೆ ಚೀಲಗಳಿಗೆ ಒರಗಾಗಿ ನಿಂತಿದ್ದ ಗಾಡಿ. ಹಳೇ ಮೈಸೂರು ರಾಜ್ಯದ 'ಎಂವೈ' ನಂಬರು. ಎಂಜಿನ್ನಿಗೆ ಏನೂ ಆಗಿರಲಿಲ್ಲ. ಆ 1489 ಸಿಸಿ ಬಿಎಂಸಿ ಎಂಜಿನ್ನಿಗೆ ಏನಾದರೂ ಆಗಬೇಕಾದರೆ ಮನುಷ್ಯ ಬಹಳ ಕಷ್ಟಪಡಬೇಕು. ಟಿಂಕರಿಂಗ್ ಆಯಿತು, ಪೇಂಟ್ ಆಯಿತು, ಸೀಟು ಹೊಲಿಸಿದ್ದಾಯಿತು. ಆದರೆ ಎಡಗಡೆ ಇಂಡಿಕೇಟರ್ ಹಾಕಿದರೆ ಇಂಡಿಕೇಟರಿನ ಜೊತೆಗೆ ಹಿಂದಿನ ಕೆಂಪು ದೀಪಗಳೂ ಮಂದವಾಗಿ ಮಿಣುಕುತ್ತಿದ್ದವು, ಬಲಗಡೆಯದೂ ಸೇರಿ. ಬ್ರೇಕ್ ತುಳಿದರೆ ಇಂಡಿಕೇಟರ್ ನಿಂತೇಹೋಗುತ್ತಿತ್ತು. ಹಾರ್ನ್ ಒತ್ತಿದರೆ ಪೆಟ್ರೋಲ್ ಮುಳ್ಳು ಒಮ್ಮೆ ಬಗ್ಗಿ ನಮಸ್ಕಾರ ಮಾಡುತ್ತಿತ್ತು. ನೋಡಿದವರು ದೆವ್ವ ಹೊಕ್ಕಿದೆ ಎಂದು ನಗುತ್ತಿದ್ದರು. ದೆವ್ವವೇನೂ ಅಲ್ಲ, ಅರ್ತ್ ಸರಿಯಿಲ್ಲ ಅಷ್ಟೆ.

ಇದನ್ನು ಇಲ್ಲಿ ಕೊಂಚ ಬಿಡಿಸಿ ಹೇಳದಿದ್ದರೆ ಮುಂದಿನದು ಯಾವುದೂ ತಿಳಿಯುವುದಿಲ್ಲ. ಮನೆಯ ದೀಪಕ್ಕೆ ಎರಡು ವೈರು ಬೇಕು, ಹೋಗುವುದಕ್ಕೆ ಒಂದು, ವಾಪಸು ಬರುವುದಕ್ಕೆ ಒಂದು. ಕಾರಿನಲ್ಲಿ ಹೋಗುವುದಕ್ಕೆ ಮಾತ್ರ ವೈರು. ವಾಪಸು ಬರುವುದು ಗಾಡಿಯ ಕಬ್ಬಿಣದ ಮೈಯ ಮೂಲಕವೇ, ಅದೇ ಅರ್ತ್. ಹೀಗೆ ತಾಮ್ರ ಅರ್ಧಕ್ಕರ್ಧ ಉಳಿಯಿತು. ಆದರೆ ದೀಪದ ಬುಡ ಬಾಡಿಗೆ ಕೂರುವ ಜಾಗದಲ್ಲಿ ತುಕ್ಕು ಹಿಡಿದರೆ ಆ ವಾಪಸು ದಾರಿ ಮುಚ್ಚಿಹೋಗುತ್ತದೆ. ಕರೆಂಟು ಅಲ್ಲೇ ಕೈಕಟ್ಟಿ ಕೂರುವುದಿಲ್ಲ. ಇಂಡಿಕೇಟರ್ ಬಲ್ಬಿಗೆ ಬಂದದ್ದು ಅದೇ ಗೂಡಿನ ಟೈಲ್ ಲ್ಯಾಂಪಿನ 5 ವ್ಯಾಟಿನ ತಂತಿಯೊಳಗೆ ನುಗ್ಗಿ, ಆ ದೀಪದ ಕೆಂಪು ವೈರಿನಲ್ಲಿ ಹಿಂದಕ್ಕೆ ಹರಿದು, ಬಲಗಡೆಯ ಟೈಲ್ ಲ್ಯಾಂಪನ್ನೂ ನಂಬರ್ ಪ್ಲೇಟಿನ ಬಲ್ಬನ್ನೂ ಮುಟ್ಟಿ, ಅಲ್ಲಿ ತುಕ್ಕಿಲ್ಲದ ಕಡೆ ಬಾಡಿಗೆ ಇಳಿಯುತ್ತದೆ. ಒಂದು ಇಂಡಿಕೇಟರಿಗೆ ಇಷ್ಟು ದೀಪ ಹೊತ್ತುವುದು ಹೀಗೆ. ಒಂದು ಸ್ಕ್ರೂ ಬಿಚ್ಚಿ, ಮರಳುಕಾಗದದಲ್ಲಿ ಉಜ್ಜಿ ವಾಪಸು ಹಾಕಿದರೆ ಅರ್ಧ ದೆವ್ವ ಬಿಟ್ಟುಹೋಗುತ್ತದೆ.

ಉಳಿದರ್ಧ ಡ್ಯಾಶ್‌ಬೋರ್ಡಿನ ಕೆಳಗೆ ವಾಸವಾಗಿತ್ತು.

ಸೀಟು ಕಳಚಿ, ಬೆನ್ನ ಮೇಲೆ ಮಲಗಿ, ಟಾರ್ಚು ಬಾಯಲ್ಲಿ ಕಚ್ಚಿ ನೋಡಿದೆ. ಈ ಗಾಡಿಯ ಇತಿಹಾಸ ಬೇಕಿದ್ದರೆ ಆರ್‌ಸಿ ಪುಸ್ತಕ ನೋಡಬೇಕಾಗಿಲ್ಲ. ಯಾರ ಯಾರ ಕೈಗೆ ಹೋಗಿತ್ತು, ಅವರಿಗೆ ಏನೇನು ಶೋಕಿ ಇತ್ತು, ಎಲ್ಲ ಅಲ್ಲಿ ಜೋತಾಡುತ್ತಿದೆ. ಒಬ್ಬರು ಟೇಪ್ ರೆಕಾರ್ಡರ್ ಹಾಕಿಸಿದ್ದರು. ಟೇಪ್ ಹೋಗಿದೆ, ನಾಲ್ಕು ವೈರು ಉಳಿದಿವೆ, ಬಾಯಿಗೆ ಟೇಪು ಸುತ್ತಿ. ಇನ್ನೊಬ್ಬರು ದೇವರ ಫೋಟೋಕ್ಕೆ ಪುಟ್ಟ ಬಲ್ಬಿನ ಸರ ಹಾಕಿಸಿದ್ದರು. ಮತ್ತೊಬ್ಬರಿಗೆ ಬೇಸಿಗೆ ತಡೆಯಲಾಗಿಲ್ಲ, ಸಣ್ಣ ಫ್ಯಾನು. ಘಾಟಿಯ ಮಂಜಿಗೆ ಹಳದಿ ಫಾಗ್ ಲ್ಯಾಂಪು. ರಿವರ್ಸ್ ಹಾಕಿದರೆ ಹಾಡುವ ಹಾರ್ನು. ಈ ಒಂದೊಂದಕ್ಕೂ ಕರೆಂಟು ಎಲ್ಲಿಂದ ಬಂತು? ಹತ್ತಿರದಲ್ಲಿ ಯಾವ ವೈರು ಕಂಡಿತೋ ಅದರ ಹೊಟ್ಟೆ ಸೀಳಿ, ಹೊಸದನ್ನು ತಿರುಚಿ, ಮೇಲೆ ಇನ್ಸುಲೇಷನ್ ಟೇಪ್ ಸುತ್ತಿದ್ದು. ಟೇಪಿನ ಗೋಂದು ಬಿಸಿಲಿಗೆ ಕರಗಿ, ಧೂಳು ಹೀರಿ, ಮುಟ್ಟಿದರೆ ಬೆರಳು ಬಿಡದ ಕರಿ ಜಿಡ್ಡಾಗಿತ್ತು. ಇಲಿಗಳೂ ತಮ್ಮ ಪಾಲನ್ನು ತಿಂದಿದ್ದವು. ಅವುಗಳ ಮೇಲೆ ನನಗೆ ಅಷ್ಟು ಕೋಪವಿಲ್ಲ. ಇಲಿ ಕಡಿದದ್ದು ಕಡಿದಂತೆ ಕಾಣುತ್ತದೆ.

ಅಲ್ಲಿ ಮಲಗಿದ್ದಾಗ ನನಗೆ ಹೊಳೆದದ್ದು ಇಷ್ಟು: ಇಷ್ಟು ಜನ ಓನರುಗಳಲ್ಲಿ ಎಲ್ಲರೂ ವೈರು ಸೇರಿಸಿದ್ದಾರೆ, ಒಬ್ಬರೂ ತೆಗೆದಿಲ್ಲ. ಟೇಪ್ ಬಿಚ್ಚಿಕೊಂಡು ಹೋದವನು ಅದರ ವೈರನ್ನು ಬಿಟ್ಟುಹೋದ. ಫ್ಯಾನು ಕೆಟ್ಟಾಗ ಫ್ಯಾನು ಮಾತ್ರ ಹೋಯಿತು. ಯಾಕೆ ಎಂದರೆ, ಸೇರಿಸುವವನಿಗೆ ತನ್ನ ಒಂದು ವೈರಿನ ವಿಷಯ ಗೊತ್ತಿದ್ದರೆ ಸಾಕು, ತೆಗೆಯುವವನಿಗೆ ಎಲ್ಲ ವೈರುಗಳ ವಿಷಯವೂ ಗೊತ್ತಿರಬೇಕು. "ಇದನ್ನ ಕಟ್ ಮಾಡಿದ್ರೆ ಇನ್ನೇನೋ ಆಫ್ ಆಗಿಬಿಟ್ಟರೆ?" ಎಂಬ ಭಯ. ನಮ್ಮ ಸರಕಾರಿ ಕಚೇರಿಗಳಲ್ಲಿ ಒಮ್ಮೆ ಬಂದ ಫಾರಂ ಮತ್ತೆ ಹೋಗದಿರುವುದಕ್ಕೂ ಇದೇ ಕಾರಣವಿರಬೇಕು. ಅದು ಬೇರೆ ಪ್ರಬಂಧ, ಬಿಡಿ.

ಹೀಗಾದ ಗಾಡಿಯನ್ನು ಇನ್ನೂ ಒಂದು ಟೇಪ್ ಸುತ್ತಿ ಓಡಿಸಬಹುದು, ಅಥವಾ ಪೂರಾ ಹಾರ್ನೆಸ್, ಎಂದರೆ ವೈರುಗಳ ಇಡೀ ಕಟ್ಟನ್ನೇ, ಕಿತ್ತು ಹೊಸದು ಹಾಕಬಹುದು. ನಡುವಿನ ದಾರಿ ಇದೆ ಎಂದು ಹೇಳುವವರಿದ್ದಾರೆ, ಕೆಟ್ಟ ವೈರು ಮಾತ್ರ ಬದಲಾಯಿಸಿದರೆ ಸಾಕು ಎಂದು. ನನಗೆ ಅದರಲ್ಲಿ ನಂಬಿಕೆಯಿಲ್ಲ. ಯಾವುದು ಕೆಟ್ಟದ್ದು ಎಂದು ಹೊರಗಿನಿಂದ ತಿಳಿಯುವುದಿಲ್ಲ. ಚೆನ್ನಾಗಿ ಕಾಣುತ್ತಿದ್ದ ಒಂದು ಬಿಳಿ ವೈರಿನ ಮೇಲ್ಮೈಯನ್ನು ಬ್ಲೇಡಿನಲ್ಲಿ ಸೀಳಿ ನೋಡಿದಾಗ ಒಳಗಿನ ತಾಮ್ರದ ಎಳೆಗಳು ಕಪ್ಪಾಗಿದ್ದವು. ಇನ್ನೂ ಒಂದು ಗೇಣು ಒಳಗೆ ಸೀಳಿದೆ, ಅಲ್ಲೂ ಕಪ್ಪು. ತುದಿಯಲ್ಲಿ ಸೇರಿದ ತೇವ ಎಳೆಗಳ ಸಂದಿನಲ್ಲಿ ಏರಿಕೊಂಡು ಹೋಗುತ್ತದೆ. ಹಾಗೆ ಕಪ್ಪಾದ ತಾಮ್ರಕ್ಕೆ ಬೆಸುಗೆಯೂ ಹಿಡಿಯುವುದಿಲ್ಲ.

ನಮ್ಮ ಎಲೆಕ್ಟ್ರಿಷಿಯನ್ನನನ್ನು ಮೈಸೂರಿನ ನಮ್ಮ ಕಡೆಯವರೆಲ್ಲ ಭಾಯ್ ಎಂದೇ ಕರೆಯುವುದು. ಲಾರಿ, ಬಸ್ಸು, ಟ್ರ್ಯಾಕ್ಟರು ಎಲ್ಲ ಆದ ಕೈ. ಗಾಡಿ ನೋಡಿದವರೇ ಬಾನೆಟ್ಟು ಮುಚ್ಚಿ, "ಸಾರ್, ಜೆ.ಸಿ. ರೋಡ್‌ಗೆ ಹೋಗಿ ಅಂಬಾಸಿಡರ್ ವೈರಿಂಗ್ ಕಿಟ್ ಅನ್ನಿ, ಕೊಡ್ತಾರೆ. ಎರಡು ದಿನದಲ್ಲಿ ಹಾಕಿ ಕೊಡ್ತೀನಿ" ಎಂದರು.

ಬೆಂಗಳೂರಿನ ಜೆ.ಸಿ. ರೋಡಿನಲ್ಲಿ ಸಿಗದ ಬಿಡಿಭಾಗ ಇಲ್ಲ ಎಂಬುದು ಹಳಬರ ಮಾತು. ಅಂಬಾಸಿಡರ್ ಕಿಟ್ಟೂ ಸಿಕ್ಕಿತು, ಪ್ಲಾಸ್ಟಿಕ್ ಕವರಿನಲ್ಲಿ ಸುರುಳಿ ಸುತ್ತಿ. ಆದರೆ ಅಂಬಾಸಿಡರ್ ಎಂದರೆ ಯಾವ ಅಂಬಾಸಿಡರ್? ಉತ್ತರಪಾರಾದ ಕಾರ್ಖಾನೆಯಲ್ಲಿ 1950ರ ದಶಕದ ಕೊನೆಯಲ್ಲಿ ಶುರುವಾಗಿ 2014ರವರೆಗೂ ಬಂದ ಗಾಡಿ ಅದು. ಹೊರಗಿನಿಂದ ನೋಡಿದವರಿಗೆ ಎಲ್ಲ ಒಂದೇ. ಅಂಗಡಿಯ ಕಿಟ್ಟು ಕೊನೆಕೊನೆಯ 1800 ಐಎಸ್‌ಜೆಡ್‌ಗೆ ಮಾಡಿದ್ದು. ಅದರಲ್ಲಿ ಆಲ್ಟರ್‌ನೇಟರಿಗೆ ಜಾಗ ಇದೆ, ನನ್ನ ಡೈನಮೊಗಾಗಲಿ ಅದರ ಕಟೌಟ್ ಪೆಟ್ಟಿಗೆಗಾಗಲಿ ಇಲ್ಲ. ಕ್ಲಚ್ಚಿನ ಪಕ್ಕದಲ್ಲಿ ಕಾಲಲ್ಲಿ ತುಳಿಯುವ ಡಿಪ್ಪರಿಗೆ ಹೋಗುವ ಕವಲೂ ಇಲ್ಲ. ಬಣ್ಣಗಳಂತೂ ಆ ದಿನ ಮಾಡಿದವರ ಹತ್ತಿರ ಯಾವ ರೀಲು ಇತ್ತೋ ಅದು. ಅಂಗಡಿಯವರು, "ಕರೆಂಟಿಗೆ ಬಣ್ಣ ಗೊತ್ತಾಗುತ್ತಾ ಸಾರ್?" ಎಂದರು. ಕರೆಂಟಿಗೆ ಗೊತ್ತಾಗುವುದಿಲ್ಲ, ನಿಜ. ಹತ್ತು ವರ್ಷದ ಮೇಲೆ ರಾತ್ರಿ ಚಾರ್ಮಾಡಿಯಲ್ಲಿ ಟಾರ್ಚು ಕಚ್ಚಿಕೊಂಡು ಮಲಗುವವನಿಗೆ ಗೊತ್ತಾಗಬೇಕು.

ಬಣ್ಣದ ವಿಷಯದಲ್ಲಿ ನಾನು ಹಟಮಾರಿ. ಆ ಕಾಲದ ಇಂಗ್ಲಿಷ್ ಗಾಡಿಗಳ ವೈರಿಂಗಿಗೆ ಬರ್ಮಿಂಗ್‌ಹ್ಯಾಮಿನ ಲ್ಯೂಕಾಸ್ ಕಂಪನಿ ಕೊಟ್ಟ ಬಣ್ಣದ ವ್ಯವಸ್ಥೆ ಇದೆಯಲ್ಲ, ಅದು ಒಂದು ಸಣ್ಣ ವ್ಯಾಕರಣ. ಕಂದು ಎಂದರೆ ಬ್ಯಾಟರಿಯಿಂದ ನೇರ ಬಂದದ್ದು, ಯಾವಾಗಲೂ ಜೀವ ಇರುವುದು. ಬಿಳಿ ಎಂದರೆ ಕೀ ತಿರುಗಿಸಿದ ಮೇಲೆ. ಆ ಬಿಳಿಯೇ ಫ್ಯೂಸು ದಾಟಿ ಬಂದರೆ ಹಸಿರು. ಹೆಡ್‌ಲೈಟಿಗೆ ನೀಲಿ, ಸಣ್ಣ ದೀಪಗಳಿಗೆ ಕೆಂಪು, ಅರ್ತಿಗೆ ಕಪ್ಪು. ಇದರ ಮೇಲೆ ಸಣ್ಣ ಗೀಟು: ನೀಲಿಯ ಮೇಲೆ ಬಿಳಿ ಗೀಟಿದ್ದರೆ ಹೈಬೀಮ್, ಕೆಂಪು ಗೀಟಿದ್ದರೆ ಡಿಪ್. ಹಸಿರಿನ ಮೇಲೆ ಕೆಂಪು ಗೀಟಿದ್ದರೆ ಎಡ ಇಂಡಿಕೇಟರ್, ಬಿಳಿ ಗೀಟಿದ್ದರೆ ಬಲ, ನೇರಳೆ ಗೀಟಿದ್ದರೆ ಬ್ರೇಕ್ ಲೈಟು. ಗೀಟಿನ ಕೆಳಗಿನ ಬಣ್ಣ ಎಲ್ಲಿಂದ ಬಂದೆ ಎನ್ನುತ್ತದೆ, ಗೀಟು ಎಲ್ಲಿಗೆ ಹೊರಟೆ ಎನ್ನುತ್ತದೆ. ಇದನ್ನು ಒಮ್ಮೆ ಕಲಿತವನು ಮಾರಿಸ್, ಆಸ್ಟಿನ್, ಸ್ಟ್ಯಾಂಡರ್ಡ್, ಲ್ಯಾಂಡ್ ರೋವರ್ ಯಾವುದರ ಬಾನೆಟ್ಟು ಎತ್ತಿದರೂ ಓದಿಕೊಂಡು ಹೋಗಬಹುದು.

ಲ್ಯೂಕಾಸ್ ಎಂದರೆ ವಿಲಾಯಿತಿಯಲ್ಲಿ ನಗೆಚಾಟಿಕೆ. ಜೋಸೆಫ್ ಲ್ಯೂಕಾಸ್ ಎಂಬಾತ ಬರ್ಮಿಂಗ್‌ಹ್ಯಾಮಿನಲ್ಲಿ ಸೀಮೆಎಣ್ಣೆ ಮಾರಿಕೊಂಡು, ಆಮೇಲೆ ಸೈಕಲ್ ದೀಪ ಮಾಡಿದ. 1880ರ ಸುಮಾರಿಗೆ ಬಂದ ಆ ದೀಪದ ಹೆಸರು 'ಕಿಂಗ್ ಆಫ್ ದಿ ರೋಡ್'. ಮುಂದೆ ಕಾರಿನವರು ಅದೇ ಮನೆತನಕ್ಕೆ ಕೊಟ್ಟ ಬಿರುದು 'ಪ್ರಿನ್ಸ್ ಆಫ್ ಡಾರ್ಕ್‌ನೆಸ್'. ಲ್ಯೂಕಾಸ್ ಸ್ವಿಚ್ಚಿಗೆ ಮೂರು ಮನೆ, ಮಂದ, ಮಿಣಮಿಣ, ಕತ್ತಲೆ ಎಂದು ಹಳೇ ಹಾಸ್ಯ. ನನಗೆ ಇದು ಅನ್ಯಾಯ ಅನ್ನಿಸುತ್ತದೆ. ನಮ್ಮಲ್ಲಿ 1960ರ ದಶಕದ ಆರಂಭದಲ್ಲಿ ಟಿವಿಎಸ್‌ನವರ ಜೊತೆ ಸೇರಿ ಮದರಾಸಿನ ಪಾಡಿಯಲ್ಲಿ ಲ್ಯೂಕಾಸ್ ಟಿವಿಎಸ್ ಆಯಿತು. ಅವರು ಮಾಡಿದ ಡೈನಮೊ, ಸೆಲ್ಫ್ ಮೋಟರು ಇನ್ನೂ ಎಷ್ಟೋ ಗಾಡಿಗಳಲ್ಲಿ ತಿರುಗುತ್ತಿವೆ. ಬಯ್ಯುವವರ ಗಾಡಿಯ ಅರ್ತ್ ಸ್ಕ್ರೂ ಬಿಚ್ಚಿ ನೋಡಿದರೆ ನೂರಕ್ಕೆ ತೊಂಬತ್ತು ಪಾಲು ಅಲ್ಲೇ ತುಕ್ಕಿರುತ್ತದೆ. ತುಕ್ಕಿಗೆ ಹೆಸರಿಲ್ಲ, ಕಂಪನಿಗೆ ಇದೆ, ಬೈಗುಳ ಹೆಸರಿದ್ದವರಿಗೆ ಹೋಗುತ್ತದೆ.

ಒಂದು ವಿಷಯದಲ್ಲಿ ಮಾತ್ರ ನಾನೂ ಅವರ ಪರ ನಿಲ್ಲಲಾರೆ. ಇಡೀ ಗಾಡಿಗೆ ಫ್ಯೂಸು ಎರಡೇ, ತಲಾ 35 ಆಂಪಿಯರ್. ಒಂದು ಹಾರ್ನಿನ ಕಡೆಗೆ, ಇನ್ನೊಂದು ಕೀ ತಿರುಗಿಸಿದ ಮೇಲೆ ಬರುವ ವೈಪರು, ಇಂಡಿಕೇಟರುಗಳ ಕಡೆಗೆ. ಹೆಡ್‌ಲೈಟಿಗೆ ಫ್ಯೂಸೇ ಇಲ್ಲ. ಇಗ್ನಿಷನ್ನಿಗೂ ಇಲ್ಲ. ರಾತ್ರಿ ಓಡುವಾಗ ಫ್ಯೂಸು ಹೋಗಿ ಎರಡು ಕಣ್ಣೂ ಒಟ್ಟಿಗೆ ಮುಚ್ಚುವುದಕ್ಕಿಂತ ಇಲ್ಲದಿರುವುದೇ ವಾಸಿ ಎಂಬ ವಾದ ಇದಕ್ಕೆ. ವಾದದಲ್ಲಿ ಹುರುಳಿಲ್ಲ ಎನ್ನಲಾರೆ. ಆದರೆ ಬ್ಯಾಟರಿಯಿಂದ ನೇರ ಬರುವ ಆ ಕಂದು ವೈರು ಎಂಜಿನ್ನಿನ ಹಿಂದಿನ ತಗಡಿನ ತೂತಿನಲ್ಲಿ ಉಜ್ಜಿ ಉಜ್ಜಿ ಬರಿದಾದರೆ, ಅದನ್ನು ತಡೆಯಲು ದಾರಿಯಲ್ಲಿ ಏನೂ ಇಲ್ಲ. ಆ ವೈರೇ ಉರಿದು ಕಡಿದುಹೋಗಬೇಕು, ಅಕ್ಕಪಕ್ಕದವನ್ನೂ ಕರೆದುಕೊಂಡು.

ಅಂತೂ ಕಿಟ್ ಕೊಳ್ಳಲಿಲ್ಲ. ಹಳೆಯದನ್ನೇ ನಮೂನೆಯಾಗಿಟ್ಟುಕೊಂಡು ಹೊಸ ಹಾರ್ನೆಸ್ ನಾವೇ ಕಟ್ಟುವುದು ಎಂದಾಯಿತು. ಭಾಯ್ ಒಪ್ಪಿದ್ದು ಕೆಲಸದ ಮೇಲಿನ ಆಸೆಗಿಂತ ನನ್ನ ಹಟ ನೋಡಿ ಸುಸ್ತಾಗಿ ಇರಬಹುದು.

ಕಳಚುವಾಗ ಅವಸರ ಮಾಡಬಾರದು. ಒಂದೊಂದು ತುದಿ ಬಿಚ್ಚಿದ ಕೂಡಲೇ ಅದಕ್ಕೊಂದು ಬಟ್ಟೆಯ ಚೀಟಿ ಕಟ್ಟಿ, 'ಕಟೌಟ್, ಎಫ್', 'ಎಡ ಹೆಡ್‌ಲೈಟ್, ಡಿಪ್' ಎಂದು ಬಾಲ್ ಪೆನ್ನಿನಲ್ಲಿ ಬರೆದೆ. ಕಾಗದದ ಚೀಟಿ ಗ್ರೀಸ್ ಹತ್ತಿದರೆ ಓದಲಾಗುವುದಿಲ್ಲ. ಹಿಂದಿನ ದೀಪಗಳಿಗೆ ಹೋಗುವ ಕವಲು ಗಾಡಿಯ ಮೈಯ ಪೊಳ್ಳುಗಳಲ್ಲಿ ನುಸುಳಿ ಡಿಕ್ಕಿ ಸೇರುತ್ತದೆ. ಅದನ್ನು ಸುಮ್ಮನೆ ಎಳೆದುಬಿಟ್ಟರೆ ಹೊಸದನ್ನು ತೂರಿಸಲು ದಾರಿ ಸಿಗುವುದಿಲ್ಲ. ಎಳೆಯುವ ಮೊದಲು ಬಾಲಕ್ಕೆ ಗಟ್ಟಿ ದಾರ ಕಟ್ಟಬೇಕು. ಹಾರ್ನೆಸ್ ಮುಂದಕ್ಕೆ ಬಂದಂತೆ ದಾರ ಒಳಗೆ ಹೋಗುತ್ತದೆ, ಪೂರಾ ಬಂದಾಗ ಅದರ ಜಾಗದಲ್ಲಿ ದಾರ ಉಳಿಯುತ್ತದೆ. ನಾಳೆ ಹೊಸ ಹಾರ್ನೆಸ್ಸಿನ ಮೂತಿಗೆ ಅದೇ ದಾರ ಕಟ್ಟಿ, ಟಾಲ್ಕಂ ಪೌಡರ್ ಬಳಿದು, ಹಿಂದಿನಿಂದ ಒಬ್ಬರು ಎಳೆಯುತ್ತ ಮುಂದಿನಿಂದ ಒಬ್ಬರು ನೂಕಿದರೆ ನುಣ್ಣಗೆ ಜಾರಿಕೊಂಡು ಹೋಗುತ್ತದೆ. ಈ ಉಪಾಯ ಭಾಯ್ ಅವರದು. ಪೌಡರ್ ನನ್ನ ಹೆಂಡತಿಯದು, ಕೇಳದೆ ತಂದದ್ದು.

ಎಲ್ಲವನ್ನೂ ತಂದು ಜಗಲಿಯಲ್ಲಿ ಹಾಸಿದಾಗ, ಸೊಗಡು ಮುಗಿದ ಮೇಲೆ ಬುಡಸಮೇತ ಕಿತ್ತು ಒಣಹಾಕಿದ ಅವರೆ ಬಳ್ಳಿಯ ಹಾಗೇ ಕಂಡಿತು. "ರೀ, ಇದನ್ನ ಯಾವಾಗ ಎತ್ತುತ್ತೀರಿ? ನಾಳೆ ಹಪ್ಪಳ ಹಾಕಬೇಕು" ಎಂದು ಒಳಗಿನಿಂದ ಮಾತು ಬಂತು. ಹಪ್ಪಳ ಮಹಡಿಗೆ ಹೋಯಿತು.

ಹಳೆಯದರ ಬಣ್ಣ ಪತ್ತೆ ಮಾಡುವುದೇ ಒಂದು ಕೆಲಸ. ಹೊರಗೆ ಬಟ್ಟೆಯ ಹೆಣಿಗೆ, ಅದರ ಮೇಲೆ ಎಣ್ಣೆ, ಮಣ್ಣು. ತುದಿಯಲ್ಲಿ ಇಣುಕಿದ ವೈರುಗಳೆಲ್ಲ ಬಿಸಿಲಿಗೂ ಬಿಸಿಗೂ ಒಂದೇ ಕಂದು ಆಗಿಬಿಟ್ಟಿವೆ. ಅವನ್ನು ನಂಬಿದರೆ ಇಡೀ ಗಾಡಿಗೆ ಬ್ಯಾಟರಿ ವೈರೇ ಇದೆ ಎನ್ನಬೇಕಾಗುತ್ತದೆ. ಕತ್ತರಿಯಲ್ಲಿ ಹೆಣಿಗೆಯನ್ನು ಒಂದು ಗೇಣು ಬಿಡಿಸಿದೆ. ಒಳಗೆ, ಇಷ್ಟು ವರ್ಷ ಬೆಳಕೇ ಕಾಣದ ಕಡೆ, ಹಸಿರು ಹಸಿರಾಗಿಯೇ ಇತ್ತು, ಅದರ ಮೇಲಿನ ನೇರಳೆ ಗೀಟು ನಿನ್ನೆ ಎಳೆದಂತೆ. ಬ್ರೇಕ್ ಲೈಟು! ಜೋರಾಗಿಯೇ ಕೂಗಿದೆನೆಂದು ಕಾಣುತ್ತದೆ, ಪಕ್ಕದ ಮನೆಯವರು ಕಾಂಪೌಂಡಿನ ಮೇಲಿಂದ ನೋಡಿದರು.

ಆಮೇಲೆ ಪ್ಲೈವುಡ್ ಹಲಗೆ, ಮೊಳೆ. ಹಳೇ ಹಾರ್ನೆಸ್ಸನ್ನು ಹಲಗೆಯ ಮೇಲೆ ಕಾರಿನಲ್ಲಿರುವ ಹಾಗೇ ಬಿಡಿಸಿಟ್ಟು, ಪ್ರತಿ ಕವಲಿನಲ್ಲೂ ಪ್ರತಿ ತುದಿಯಲ್ಲೂ ಮೊಳೆ ಹೊಡೆದು, ಪಕ್ಕದಲ್ಲಿ ಹೆಸರು ಬರೆದು, ಹಳೆಯದನ್ನು ಎತ್ತಿಟ್ಟು, ಆ ಮೊಳೆಗಳ ನಡುವೆ ಹೊಸ ವೈರು ಎಳೆಯುವುದು. ಕಾರ್ಖಾನೆಗಳಲ್ಲೂ ಹೀಗೇ, ಹಲಗೆ ದೊಡ್ಡದಿರುತ್ತದೆ ಅಷ್ಟೆ. ವೈರಿನ ದಪ್ಪದಲ್ಲಿ ಜಿಪುಣತನ ಕೂಡದು. ಬ್ರಿಟಿಷ್ ಲೆಕ್ಕದಲ್ಲಿ 14/0.30 ಎಂದರೆ 0.30 ಮಿಲಿಮೀಟರಿನ 14 ಎಳೆ, ಸುಮಾರು 1 ಚದರ ಮಿ.ಮೀ., ಸಣ್ಣ ದೀಪಗಳಿಗೆ ಸಾಕು. ಹೆಡ್‌ಲೈಟಿಗೆ 28 ಎಳೆಯದು, 2 ಚದರ ಮಿ.ಮೀ. ಬ್ಯಾಟರಿಯಿಂದ ಬರುವ ಕಂದಿಗೆ 44 ಎಳೆಯದು.

ಹಳೆಯದನ್ನು ಕಿತ್ತುಹಾಕುವ ಮೊದಲೇ ಮೀಟರ್ ಹಿಡಿದು ನೋಡಿದ್ದೆ. ಹೆಡ್‌ಲೈಟ್ ಹಾಕಿದಾಗ ಬ್ಯಾಟರಿಯಲ್ಲಿ 12.2 ವೋಲ್ಟ್, ಬಲ್ಬಿನ ಬುಡದಲ್ಲಿ 10.5. ಸವೆದ ಸ್ವಿಚ್ಚು, ಕಪ್ಪಾದ ತಾಮ್ರ, ತುಕ್ಕಿನ ಅರ್ತ್ ಸೇರಿ ನಡುದಾರಿಯಲ್ಲಿ ನುಂಗಿದ್ದು 1.7 ವೋಲ್ಟ್. ಅಷ್ಟೇ ತಾನೇ ಎನ್ನಬಹುದು. ಆದರೆ ಬಲ್ಬಿನ ಬೆಳಕು ವೋಲ್ಟೇಜಿನ ಜೊತೆ ಸಮಸಮವಾಗಿ ಇಳಿಯುವುದಿಲ್ಲ, ಅದಕ್ಕಿಂತ ಬಹಳ ಬೇಗ ಇಳಿಯುತ್ತದೆ. ಇಷ್ಟು ಕಡಿಮೆಯಾದರೆ ಹತ್ತರಲ್ಲಿ ನಾಲ್ಕು ಪಾಲು ಬೆಳಕು ಹೋಯಿತೆಂದೇ ಲೆಕ್ಕ. ಹಿಂದಿನ ಓನರು ಬೆಳಕು ಸಾಲದೆಂದು 60 ವ್ಯಾಟಿನ ಹ್ಯಾಲೊಜೆನ್ ಬಲ್ಬು ಹಾಕಿಸಿದ್ದರು. ಎರಡಕ್ಕೆ 10 ಆಂಪಿಯರ್. ಡೈನಮೊ ಕೊಡುವುದೇ ಹೆಚ್ಚೆಂದರೆ 22. ಬಲ್ಬುಗಳ ಅಷ್ಟು ಕರೆಂಟೂ ಡ್ಯಾಶ್‌ಬೋರ್ಡಿನ ಆ ಮುದಿ ಸ್ವಿಚ್ಚಿನ ಮೂಲಕವೇ ಹೋಗಬೇಕು. ಬಲ್ಬು ದೊಡ್ಡದಾದಷ್ಟೂ ಸ್ವಿಚ್ಚು ಬಿಸಿಯಾಯಿತು, ಬೆಳಕು ಅಲ್ಲೇ ಉಳಿಯಿತು.

ತುದಿಗಳ ಜಗಳ ಬಹಳ ದಿನ ನಡೆಯಿತು. ಭಾಯ್ ಬೆಸುಗೆಯ ಪಕ್ಷ. "ಬೆಸುಗೆ ಹಾಕಿದ್ದು ಬಿಡಲ್ಲ ಸಾರ್, ನಾನು ಮೂವತ್ತು ವರ್ಷದಿಂದ ನೋಡಿದ್ದೀನಿ." ನಾನು ಇಕ್ಕಳದಲ್ಲಿ ಒತ್ತಿ ಕೂರಿಸುವ ತಿಂಬಲ್ ಪಕ್ಷ. ಸೀಸ ಎಳೆಗಳ ಸಂದಿನಲ್ಲಿ ಮೇಲೆ ಹತ್ತಿ ವೈರನ್ನು ಕಡ್ಡಿ ಮಾಡುತ್ತದೆ, ಗಾಡಿ ಅಲುಗಾಡಿದಾಗ ಕಡ್ಡಿ ಮುಗಿದು ಬಳುಕು ಶುರುವಾಗುವ ಜಾಗದಲ್ಲೇ ಮುರಿಯುತ್ತದೆ ಎಂಬುದು ನನ್ನ ವಾದ. ಆದರೆ ಲ್ಯೂಕಾಸಿನ ಆ ಹಿತ್ತಾಳೆಯ ಗುಂಡುಗಳು, ರಬ್ಬರ್ ತೊಟ್ಟ ಪುಟ್ಟ ಕೊಳವೆಯೊಳಗೆ ಟಕ್ಕೆಂದು ಕೂರುವವು, ಅವನ್ನು ಬೆಸುಗೆಯಿಂದಲೇ ಹಾಕುವುದು ಹಳೇ ಪದ್ಧತಿ. ಕೊನೆಗೆ ಗುಂಡಿಗೆ ಬೆಸುಗೆ, ಉಳಿದ ಕಡೆ ತಿಂಬಲ್ ಎಂದು ರಾಜಿಯಾಯಿತು. ಭಾಯ್ ಅವರ ಕೈಯ ಬೆಸುಗೆ ನೋಡಬೇಕು. ಗುಂಡಿನ ತುದಿಯ ತೂತಿನಲ್ಲಿ ಒಂದು ಸಾಸಿವೆ ಕಾಳಿನಷ್ಟು ಸೀಸ ಉಬ್ಬಿ ನಿಲ್ಲುತ್ತದೆ, ಅದನ್ನು ಬಟ್ಟೆಯಲ್ಲಿ ಒರೆಸಿಬಿಡುತ್ತಾರೆ. ಒಳಗೆ ತುಂಬಿದೆ ಎಂಬುದಕ್ಕೆ ಅದೇ ರುಜು.

ಅಸಲಿತನದ ಪ್ರಶ್ನೆ ಇನ್ನೂ ದೊಡ್ಡದು. ಹಳೇ ಗಾಡಿಯವರಲ್ಲಿ ಕಟ್ಟಾ ಮಡಿವಂತರಿದ್ದಾರೆ. ಕಂಪನಿ ಎರಡು ಫ್ಯೂಸು ಕೊಟ್ಟಿದ್ದರೆ ಎರಡೇ ಇರಬೇಕು, ಮೂರನೆಯದು ಹಾಕಿದರೆ ಗಾಡಿ ಮೈಲಿಗೆ. ಅವರ ಮಾತಿಗೆ ನನ್ನಲ್ಲಿ ಗೌರವವಿದೆ, ಪೇಂಟಿನಲ್ಲಿ, ಹಿಡಿಕೆಗಳಲ್ಲಿ, ಗಡಿಯಾರದಲ್ಲಿ ನಾನೂ ಮಡಿಯೇ. ಆದರೆ ಗಾಡಿ ಸುಟ್ಟುಹೋದ ಮೇಲೆ ಅದರ ಅಸಲಿತನವನ್ನು ಯಾರಿಗೆ ತೋರಿಸುವುದು? 2021ರಲ್ಲಿ ಕೇಂದ್ರ ಸರಕಾರ ಐವತ್ತು ವರ್ಷ ದಾಟಿದ ಗಾಡಿಗಳಿಗೆ ವಿಂಟೇಜ್ ನೋಂದಣಿಯ ನಿಯಮ ತಂದಿತು, ನಂಬರಿನಲ್ಲಿ 'ವಿಎ' ಅಕ್ಷರ, 20,000 ರೂಪಾಯಿ ಶುಲ್ಕ. ಗಾಡಿ ಮೂಲರೂಪದಲ್ಲಿರಬೇಕು ಎನ್ನುವ ಆ ನಿಯಮ ಹೆಸರಿಸುವುದು ಚಾಸಿ, ಬಾಡಿ, ಎಂಜಿನ್ನನ್ನು. ವೈರಿನ ಸುದ್ದಿ ಅಲ್ಲೂ ಇಲ್ಲ. ದಿಲ್ಲಿಯಲ್ಲೂ ಯಾರೂ ಡ್ಯಾಶ್‌ಬೋರ್ಡಿನ ಕೆಳಗೆ ಬಗ್ಗಿಲ್ಲ.

ಹಾಗಾಗಿ ಹಳೇ ಎರಡು ಫ್ಯೂಸಿನ ಪೆಟ್ಟಿಗೆ ಅದರ ಜಾಗದಲ್ಲೇ, ಹೊಳಪು ಕೊಟ್ಟು. ಕಾಣದ ಕಡೆ ಇನ್ನೊಂದು ಸಣ್ಣ ಪೆಟ್ಟಿಗೆ. ಎಡ ಹೈಬೀಮಿಗೆ ಒಂದು, ಬಲಕ್ಕೆ ಒಂದು, ಡಿಪ್ಪಿಗೂ ಹಾಗೇ ಒಂದೊಂದು. ಒಂದು ಹೋದರೂ ಇನ್ನೊಂದು ಕಣ್ಣು ತೆರೆದಿರುತ್ತದೆ, ಹಳೇ ವಾದಕ್ಕೂ ಮರ್ಯಾದೆ ಸಂದಿತು. ಪಕ್ಕದಲ್ಲಿ ಎರಡು ರಿಲೇ. ಈಗ ಮುದಿ ಸ್ವಿಚ್ಚು ಹೊರಬೇಕಾದ್ದು ರಿಲೇಯ ಸುರುಳಿಗೆ ಬೇಕಾದ ಕಾಲು ಆಂಪಿಯರಿಗಿಂತಲೂ ಕಡಿಮೆ. ಬಲ್ಬಿನ 10 ಆಂಪಿಯರ್ ದಪ್ಪ ವೈರಿನಲ್ಲಿ ಬ್ಯಾಟರಿಯಿಂದ ಸೀದಾ ಹೋಗುತ್ತದೆ.

ಹೊಸ ಹಾರ್ನೆಸ್ ಒಳಗೆ ಹೋಗುವ ದಿನ ಪೇಂಟರನ್ನು ಕರೆಯಬಾರದಿತ್ತು. ಟಚಪ್ ಕೆಲಸಕ್ಕೆ ಬಂದಿದ್ದರು. ಅವರು ತಿಂಗಳುಗಟ್ಟಲೆ ಉಜ್ಜಿ, ಪ್ರೈಮರ್ ಹೊಡೆದು, ಪುಟ್ಟಿ ಹಾಕಿ, ನುಣ್ಣಗೆ ಮಾಡಿದ ಮೈಮೇಲೆ ಭಾಯ್ ಚೂಪಾದ ಉಳಿ ಹಿಡಿದು ಬೆಳ್ಳಿ ಕಾಣುವವರೆಗೂ ಕೆರೆಯಲು ಶುರುಮಾಡಿದರು. ಪೇಂಟು ಕರೆಂಟನ್ನು ಬಿಡುವುದಿಲ್ಲ. ಅರ್ತ್ ಸ್ಕ್ರೂ ಕೂರುವ ಕಡೆಯೆಲ್ಲ ರೂಪಾಯಿ ಅಗಲ ಬರಿ ಕಬ್ಬಿಣ ಬೇಕು, ಹಲ್ಲಿನ ವಾಷರ್ ಬೇಕು, ಬಿಗಿದ ಮೇಲೆ ವ್ಯಾಸಲಿನ್ ಬೇಕು. ಚೆನ್ನಾಗಿ ಪೇಂಟ್ ಮಾಡಿಸಿದ ಗಾಡಿಯಲ್ಲೇ ದೀಪ ಹತ್ತದಿರುವುದು ಈ ಕಾರಣಕ್ಕೆ. ಪೇಂಟರು ಸ್ವಲ್ಪ ಹೊತ್ತು ನೋಡಿ, "ನಾನು ಟೀ ಕುಡಿದು ಬರ್ತೀನಿ" ಎಂದು ಹೋದವರು ಸಂಜೆಯವರೆಗೂ ಬರಲಿಲ್ಲ.

ಕರೆಂಟು ಕೊಡುವುದಕ್ಕೂ ಕ್ರಮ ಇದೆ. ಬ್ಯಾಟರಿಗೆ ನೇರ ಜೋಡಿಸುವುದು ಧೈರ್ಯವಲ್ಲ, ದಡ್ಡತನ. ಭಾಯ್ ನಡುವೆ 21 ವ್ಯಾಟಿನ ಒಂದು ಬಲ್ಬನ್ನು ಸರಣಿಯಲ್ಲಿ ಹಾಕಿದರು. ಎಲ್ಲೋ ಶಾರ್ಟ್ ಇದ್ದರೆ ಆ ಬಲ್ಬು ಪೂರ್ತಿ ಹೊತ್ತಿಕೊಳ್ಳುತ್ತದೆ, ಕರೆಂಟು ಎರಡು ಆಂಪಿಯರ್ ದಾಟುವುದಿಲ್ಲ, ಏನೂ ಸುಡುವುದಿಲ್ಲ. ಬಲ್ಬು ಹೊತ್ತಲಿಲ್ಲ. ಅದನ್ನು ತೆಗೆದು ಬ್ಯಾಟರಿಗೆ ನೇರ ಜೋಡಿಸಿ, ಒಂದೊಂದೇ ಸ್ವಿಚ್ಚು ಹಾಕುತ್ತ ಹೋದೆವು. ಎಡ ಇಂಡಿಕೇಟರ್ ಹಾಕಿದರೆ ಎಡ ಇಂಡಿಕೇಟರೇ ಮಿಣುಕಿತು, ಬೇರೆ ಏನೂ ಅಲ್ಲ. ಇದಕ್ಕೆ ಇಷ್ಟು ಸಂತೋಷಪಡಬಹುದೆಂದು ಹೇಳಿದರೆ ಯಾರೂ ನಂಬುವುದಿಲ್ಲ. ಹೆಡ್‌ಲೈಟ್ ಹಾಕಿ ಬಲ್ಬಿನ ಬುಡದಲ್ಲಿ ಮೀಟರಿಟ್ಟೆ. ಬ್ಯಾಟರಿಗಿಂತ 0.2 ವೋಲ್ಟ್ ಕಡಿಮೆ. ಎದುರು ಮನೆಯ ಕಿಟಕಿ ಪರದೆ ಎಳೆದುಕೊಂಡಿತು.

ಮರುದಿನ ಕೂತು ಇಡೀ ಗಾಡಿಯ ವೈರಿಂಗ್ ನಕ್ಷೆ ಬರೆದೆ. ಯಾವ ಬಣ್ಣ ಎಲ್ಲಿಂದ ಎಲ್ಲಿಗೆ, ಹೊಸ ಫ್ಯೂಸ್ ಪೆಟ್ಟಿಗೆ ಎಲ್ಲಿದೆ, ರಿಲೇಯ 30, 85, 86, 87ರಲ್ಲಿ ಯಾವುದಕ್ಕೆ ಏನು, ನೇರಳೆ ರೀಲು ಮುಗಿದು ಎಲ್ಲಿ ಬೇರೆ ಬಣ್ಣ ಹಾಕಬೇಕಾಯಿತು, ಎಲ್ಲ. ಮುಂದಿನ ಓನರು ಏನಾದರೂ ಸೇರಿಸಲಿ, ಬೇಡವೆಂದಾಗ ತೆಗೆಯುವುದಕ್ಕೂ ಅವರಿಗೆ ಧೈರ್ಯ ಬರಲಿ ಎಂದು. ಗ್ಲೋವ್ ಬಾಕ್ಸಿನೊಳಗೆ ಅಂಟಿಸುತ್ತಿದ್ದಾಗ ಭಾಯ್ ಬಂದು ನೋಡಿದರು.

"ಇದನ್ನ ಇಟ್ಟುಬಿಟ್ರೆ ಆಮೇಲೆ ನನ್ನ ಹತ್ರ ಯಾರು ಬರ್ತಾರೆ ಸಾರ್?"

ಬೆಸುಗೆ ಹಾಕಲು ಬರುತ್ತಾರೆ ಎಂದೆ. ಆ ಉತ್ತರ ಹಿಡಿಸಿದ ಹಾಗೆ ಕಾಣಲಿಲ್ಲ. ಹೋದವರು ಗೇಟಿನ ಹತ್ತಿರದಿಂದ ತಿರುಗಿ ಬಂದು, ತಮಗೂ ಒಂದು ಜೆರಾಕ್ಸ್ ಬೇಕೆಂದರು, ದೊಡ್ಡ ಕಾಗದದಲ್ಲಿ, ಅಂಗಡಿಯ ಗೋಡೆಗೆ ಹಾಕಲು. ಲ್ಯಾಮಿನೇಷನ್ ಖರ್ಚನ್ನು ನನ್ನ ಬಿಲ್ಲಿಗೇ ಸೇರಿಸಿದರು.